ನೂರಮೂವತ್ತೊಂದನೆಯ ಪುಟದ ಮೊಣಕೈ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು "ಲೈಬ್ರರಿಯಲ್ಲಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಪೂರ್ತಿ ಹೇಳಲು ಹೊರಟರೆ ಅವರಿಗೆ ಆಕಳಿಕೆ ಬರುತ್ತದೆ, ಅದನ್ನು ನೋಡಿ ನನಗೆ ಸಿಟ್ಟು ಬರುತ್ತದೆ. ಸಂಶೋಧನಾ ಪ್ರಬಂಧಗಳ ಕೊನೆಯಲ್ಲಿ ಆಕರಪಟ್ಟಿ ಎಂದು ಹತ್ತಿಪ್ಪತ್ತು ಪುಟ ಇರುತ್ತದಲ್ಲ, ಬರೆದವರ ಹೆತ್ತ ತಾಯಿಯೂ ಓದದಂಥದ್ದು, ಅದನ್ನು ಓದುವವಳು ನಾನು. ಓದಿ, ಸರಿಯಿದ್ದರೆ ಸೀಲು ಒತ್ತುತ್ತೇನೆ. ಇಲ್ಲದಿದ್ದರೆ ವಾಪಸ್ಸು.

ಇಂಟರ್ನೆಟ್ಟಿನಿಂದ ತೆಗೆದ ಆಕರಗಳ ಮೇಲೆ ನನಗೆ ಒಂದು ಕಣ್ಣು ಜಾಸ್ತಿ. ಬರೆದವರು ಯಾರು, ಬರೆದದ್ದು ಯಾವಾಗ, ಶೀರ್ಷಿಕೆ ಏನು, ಲಿಂಕ್ ಯಾವುದು, ನೀವು ಅದನ್ನು ನೋಡಿದ ದಿನಾಂಕ ಯಾವುದು, ಈ ಐದೂ ಬೇಕು. ನಾಲ್ಕು ಕೊಟ್ಟು ಹಲ್ಲು ಕಿರಿದರೆ ನಡೆಯುವುದಿಲ್ಲ. ಪ್ರತಿ ಲಿಂಕನ್ನೂ ನಾನೇ ತೆರೆದು ನೋಡುತ್ತೇನೆ, ಯಾಕೆಂದರೆ ಜನರನ್ನು ನಂಬಿ ನಾನು ಕೆಟ್ಟಿದ್ದೇನೆ. ಒಬ್ಬ ಮಹಾಶಯ ಜೂನ್ ಮೂವತ್ತೊಂದನೇ ತಾರೀಕು ನೋಡಿದ್ದೆ ಎಂದು ಬರೆದಿದ್ದ. ಇನ್ನೊಬ್ಬಾಕೆ ಲೇಖಕರ ಹೆಸರಿನ ಜಾಗದಲ್ಲಿ "ಇಂಟರ್ನೆಟ್" ಎಂದು ಬರೆದು ಕೈ ತೊಳೆದುಕೊಂಡಿದ್ದಳು. ಇಂಥವರನ್ನೆಲ್ಲ ಹಿಂದೆ ಕಳಿಸಿ ಕಳಿಸಿ ನನಗೆ ಕೊಕ್ಕೆ ಮೇಡಂ ಎಂದು ಹೆಸರು ಬಿದ್ದಿದೆ. ನನ್ನೆದುರು ಯಾರೂ ಹಾಗೆ ಕರೆಯುವುದಿಲ್ಲ. ಆದರೆ ನಮ್ಮ ಕೋಣೆ ಇರುವುದು ನೆಲಮಾಳಿಗೆಯಲ್ಲಿ, ಮೆಟ್ಟಿಲ ಮೇಲೆ ಪಿಸುಗುಟ್ಟಿದ್ದೆಲ್ಲ ಸೀದಾ ಕೆಳಗೇ ಇಳಿಯುತ್ತದೆ.

ಕೋಣೆಯ ಅರ್ಧ ನನ್ನದು, ಇನ್ನರ್ಧ ಬೈಂಡರ್ ಅಣ್ಣನದು. ನಾನು ಸೀಲು ಒತ್ತಿದ ಪ್ರಬಂಧವನ್ನು ಅವರು ಅಲ್ಲೇ ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟುತ್ತಾರೆ. ದಾರ, ಸೂಜಿ, ಅಂಟಿನ ಡಬ್ಬಿ, ಕಾಗದ ಕತ್ತರಿಸುವ ಯಂತ್ರ, ಇವುಗಳ ಮಧ್ಯೆ ಮೂವತ್ತು ವರ್ಷ ಕಳೆದ ಮನುಷ್ಯ. ಹೊಗಳಿಕೆ ಎನ್ನುವುದು ಅವರ ಬಾಯಿಂದ ಬೀಳುವುದು ವರ್ಷಕ್ಕೊಂದು ಸಲ, ಅದೂ ಒಳ್ಳೇ ದಾರ ಬಂದಿದ್ದರೆ.

ಆ ಸೋಮವಾರ ಟೀಚರಮ್ಮ ಬಂದರು. ಐವತ್ತು ದಾಟಿದ ಹೆಂಗಸು, ಹೊಲಿಗೆ ಶಾಲೆಯಲ್ಲಿ ಪಾಠ ಹೇಳುವವರು. ಕೆಲಸ, ಮನೆ, ಮೊಮ್ಮಗು ಎಲ್ಲವನ್ನೂ ಸಂಭಾಳಿಸಿಕೊಂಡು ಏಳು ವರ್ಷದಿಂದ ಬರೆದ ಪ್ರಬಂಧವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಬಂದರು. ವಿಷಯ, ಹರಿದ ಬಟ್ಟೆಯನ್ನು ಜನ ಮನೆಯಲ್ಲೇ ಹೇಗೆ ಸರಿಮಾಡಿಕೊಳ್ಳುತ್ತಾರೆ ಎಂಬುದು. ಏಳು ವರ್ಷದ ಗಡುವು ಶುಕ್ರವಾರ ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ನನ್ನ ಸೀಲು ಬೀಳದಿದ್ದರೆ ನೋಂದಣಿಯೇ ರದ್ದು.

ಅರವತ್ತೆರಡು ಆನ್‌ಲೈನ್ ಆಕರಗಳಿದ್ದವು. ಅಕ್ಕಿ ಆರಿಸಿದ ಹಾಗೆ ನೀಟಾಗಿದ್ದವು. ನಲವತ್ತೊಂಬತ್ತನೆಯದಕ್ಕೆ ಬಂದಾಗ ನನ್ನ ಪೆನ್ಸಿಲ್ ನಿಂತಿತು.

"ಇದ್ಯಾರು, ಸೂಜಿಮೊನೆ?"

"ಅದು ಅವರ ಅಡ್ಡಹೆಸರು ಮೇಡಂ. ಬ್ಲಾಗ್ ಬರೀತಾರೆ. ವಯಸ್ಸಾದವರು ಅನ್ಸುತ್ತೆ. ರಫು ಮಾಡೋದರಲ್ಲಿ ಅವರನ್ನ ಮೀರಿಸಿದವರನ್ನ ನಾನು ನೋಡಿಲ್ಲ."

ರಫು ಎಂದರೆ ತೇಪೆ ಹಾಕುವುದಲ್ಲ. ಎಳೆಗೆ ಎಳೆ ಸೇರಿಸಿ, ತೂತು ಇದ್ದದ್ದೇ ಸುಳ್ಳು ಎನ್ನುವಂತೆ ನೇಯ್ದು ಮುಚ್ಚುವುದು.

"ಎಲ್ಲೋ ಒಂದು ಮಾತಿಗೆ ಹಾಕಿದ್ರೆ ಅಡ್ಡಹೆಸರು ನಡೀತಿತ್ತು," ಎಂದೆ. "ನಿಮ್ಮ ನಾಲ್ಕನೇ ಅಧ್ಯಾಯ ಪೂರ್ತಿ ಇವರೊಬ್ಬರ ಮೇಲೇ ನಿಂತಿದೆ. ಅಂಥ ಕಡೆ ಅವರು ಯಾರು ಅಂತ ಗೊತ್ತಿರಬೇಕು, ಅವರ ಒಪ್ಪಿಗೆ ಪತ್ರ ಇರಬೇಕು. ನಿಯಮ."

"ಮೂರು ಸಲ ಕೇಳಿದೆ ಮೇಡಂ. 'ಹೆಸರು ಕಟ್ಕೊಂಡು ಏನಮ್ಮ, ಹೊಲಿಗೆ ನೋಡು' ಅಂತ ಉತ್ತರ ಬಂತು."

"ಹಾಗಾದ್ರೆ ಆ ಅಧ್ಯಾಯ ತೆಗೀರಿ."

"ಅದನ್ನ ತೆಗೆದ್ರೆ ಉಳಿಯೋದು ಮುನ್ನುಡಿ ಮತ್ತು ಉಪಸಂಹಾರ."

ಬೈಂಡರ್ ಅಣ್ಣ ದಾರಕ್ಕೆ ಮೇಣ ಉಜ್ಜುತ್ತಲೇ ಬಾಯಿ ಹಾಕಿದರು. "ರಫು ವಿಷಯ ನಮ್ಮ ಮೇಡಂ ಹತ್ರಾನೇ ಕೇಳಬಹುದಿತ್ತಲ್ಲ. ಅವರದೂ ಎತ್ತಿದ ಕೈ. ಅವರ ಕೋಟಿನ ಮೊಣಕೈ ನೋಡಿ ಬೇಕಾದ್ರೆ."

ಟೀಚರಮ್ಮನ ಕಣ್ಣು ಅರಳಿತು. ನಾನು ಎಡಗೈಯನ್ನು ಮೇಜಿನ ಕೆಳಗೆ ಇಳಿಸಿ, "ಶುಕ್ರವಾರದೊಳಗೆ ಹೆಸರು ತನ್ನಿ," ಎಂದು ಪ್ರಬಂಧವನ್ನು ಹಿಂದಕ್ಕೆ ತಳ್ಳಿದೆ. ಒಂದು ಪ್ರತಿ ನನ್ನ ಬಳಿಯೇ ಉಳಿಯಿತು.

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಆ ಮೊಣಕೈ ಹೊಲಿದದ್ದು ನಾನಲ್ಲ. ಮೂರು ಚಳಿಗಾಲದ ಹಿಂದೆ ನನ್ನ ಬೂದು ಕೋಟು ಕಬ್ಬಿಣದ ಬೀರುವಿನ ಮೊಳೆಗೆ ಸಿಕ್ಕಿ ಪರ್ರೆಂದು ಹರಿದಿತ್ತು. ಅದನ್ನು ಸರಿಮಾಡಿದ್ದು ನಮ್ಮ ಅತ್ತೆ. ನನ್ನ ಗಂಡನ ತಾಯಿ. ಬಟ್ಟೆ ಆಲ್ಟರ್ ಮಾಡುವ ಅಂಗಡಿ ನಡೆಸಿ ಸಾಕಾಗಿ ಮನೆಯಲ್ಲಿ ಕೂತವರು. ಮರುದಿನ ಕೋಟು ಹಾಕಿಕೊಂಡು ಹೋದಾಗ ಬೈಂಡರ್ ಅಣ್ಣ ಮೊಣಕೈಯನ್ನು ಬೆಳಕಿಗೆ ಹಿಡಿದು ನೋಡಿ, "ಹರಿದಿದ್ದು ಎಲ್ಲಿ ಹೋಯ್ತು? ಯಾರು ಮಾಡಿದ್ದು?" ಎಂದರು. ನಾನು "ನಾನೇ" ಎಂದೆ. ಹೇಳಬೇಕೆಂದು ಹೇಳಿದ್ದಲ್ಲ, ನಾಲಿಗೆ ಜಾರಿತು. ಆ ಕಟ್ಟಡದಲ್ಲಿ ನನ್ನನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ. ಅಂದು ಒಬ್ಬರು ಮೆಚ್ಚಿ ನೋಡುತ್ತಿದ್ದರು, ನನಗೆ ಅದು ಇಷ್ಟವಾಯಿತು.

ಒಂದು ಸುಳ್ಳು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಮುಂದಿನ ವಾರ ಅವರ ಸ್ವೆಟರ್ ಬಂತು. ಆಮೇಲೆ ಮೇಲಿನ ಮಹಡಿಯ ಗುಮಾಸ್ತರ ಶಾಲು. ಹೀಗೆ ಒಟ್ಟು ಆರು ಬಟ್ಟೆ. "ಆಫೀಸಿನವರು ಕೊಟ್ಟಿದ್ದಾರೆ ಅತ್ತೆ, ಬೇಜಾರಿಲ್ಲ ಅಂದ್ರೆ..." ಎಂದು ಮನೆಯಲ್ಲಿ ರಾಗ ಎಳೆಯುತ್ತಿದ್ದೆ. ಅವರು ಕನ್ನಡಕ ಏರಿಸಿಕೊಂಡು ಹೊಲಿದುಕೊಡುತ್ತಿದ್ದರು. ನಾನು ಆಫೀಸಿಗೆ ತಂದು, ದಣಿದ ಮುಖ ಮಾಡಿಕೊಂಡು ಹಂಚುತ್ತಿದ್ದೆ.

ಬುಧವಾರ ಬೆಳಿಗ್ಗೆ ನಲವತ್ತೊಂಬತ್ತನೇ ಲಿಂಕನ್ನು ತೆರೆದೆ. ಬ್ಲಾಗಿನ ಹೆಸರು "ಹರಿದದ್ದು ಇದ್ದರೆ ತನ್ನಿ". ಮೊದಲ ಚಿತ್ರದಲ್ಲಿ ಒಂದು ಬೂದು ಮೊಣಕೈ. ಕೋಟುಗಳು ಲೋಕದಲ್ಲಿ ಬೇಕಾದಷ್ಟಿರುತ್ತವೆ ಎಂದುಕೊಂಡೆ. ಆದರೆ ಆ ಮೊಣಕೈ ಕೂತಿದ್ದ ಮೇಜಿನ ಮೇಲೆ ಬಿಸಿ ಬಾಣಲೆ ಇಟ್ಟು ಸುಟ್ಟ ದುಂಡನೆಯ ಕಲೆ ಇತ್ತು. ಆ ಬಾಣಲೆ ಇಟ್ಟವಳು ನಾನು. ಇಟ್ಟ ದಿನ ಮನೆಯಲ್ಲಿ ಬೈಸಿಕೊಂಡವನು ನನ್ನ ಗಂಡ.

ಕೆಳಗೆ ಬರೆದಿದ್ದನ್ನು ಓದಿದೆ.

"ಈ ಕೋಟು ನನ್ನ ಸೊಸೆಯದು. ಆಫೀಸಿನಲ್ಲಿ ತಾನೇ ಹೊಲಿದೆ ಅಂತ ಹೇಳಿಕೊಂಡಿದ್ದಾಳಂತೆ. ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ, ದಾರದ ತುದಿ ಬಾಯಲ್ಲಿ ಹಾಕಿಕೊಂಡು ಕೆಮ್ಮುತ್ತಾಳೆ. ಹೇಳಿಕೊಳ್ಳಲಿ ಬಿಡಿ. ಕದ್ದು ಹೇಳಿಕೊಳ್ಳುವಷ್ಟು ಚೆನ್ನಾಗಿ ಬಂದಿದೆ ಅಂತ ಆಯಿತಲ್ಲ."

ಟೀಚರಮ್ಮನ ಪ್ರಬಂಧ ತೆಗೆದು ನಾಲ್ಕನೇ ಅಧ್ಯಾಯ ಹುಡುಕಿದೆ. ಇತ್ತು. ನೂರಮೂವತ್ತೊಂದನೆಯ ಪುಟ. ಚಿತ್ರ ಸಮೇತ, ಕೆಮ್ಮು ಸಮೇತ, ಒಂದಕ್ಷರ ಬಿಡದೆ.

ಎದುರಿಗೆ ಬೈಂಡರ್ ಅಣ್ಣ ಯಾವುದೋ ಪ್ರಬಂಧದ ಬೆನ್ನಿಗೆ ಅಂಟು ಬಳಿಯುತ್ತಿದ್ದರು. ಮೈಮೇಲೆ ನನ್ನ ಹೆಸರಿನಲ್ಲಿ ರಿಪೇರಿಯಾದ ಅದೇ ಸ್ವೆಟರ್.

ಲೆಕ್ಕ ಸರಳವಾಗಿತ್ತು. ಸೂಜಿಮೊನೆಯ ಹೆಸರು ಪ್ರಬಂಧದಲ್ಲಿ ಬಿದ್ದರೆ ಅವರ ಸೊಸೆ ಯಾರು ಎಂದು ಈ ಕಟ್ಟಡಕ್ಕೆಲ್ಲ ಗೊತ್ತಾಗುತ್ತದೆ. ಊರಿನವರ ಆಕರ ಹಿಡಿದು ಜಗ್ಗುವವಳು ತನ್ನ ಮೊಣಕೈಯ ಆಕರವನ್ನೇ ನುಂಗಿದ್ದಳು ಎಂದು ಮೆಟ್ಟಿಲ ಮೇಲೆ ನಗು ಏಳುತ್ತದೆ. ಹೆಸರು ಬೀಳದಿದ್ದರೆ ನಾನು ಏನೂ ಮಾಡಬೇಕಾಗಿಯೇ ಇಲ್ಲ. ನಿಯಮ ನನ್ನ ಕಡೆಗಿದೆ. ಶುಕ್ರವಾರ ನಾಲ್ಕು ಗಂಟೆಯವರೆಗೆ ಬಾಯಿಗೆ ಬೀಗ ಹಾಕಿಕೊಂಡರೆ ಸಾಕು, ಟೀಚರಮ್ಮನ ಏಳು ವರ್ಷ ಹೋಗುತ್ತದೆ, ನನ್ನ ಮಾನ ಉಳಿಯುತ್ತದೆ.

ಸಂಜೆ ಮನೆಗೆ ಹೋದಾಗ ಅತ್ತೆ ಅದೇ ಮೇಜಿನ ಮುಂದೆ ಫೋನ್ ಹಿಡಿದು ಕೂತಿದ್ದರು. ನನ್ನ ಗಂಡ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ.

"ಅತ್ತೆ, ಸೂಜಿಮೊನೆ ಅಂದ್ರೆ ನೀವಾ?"

ಅಡುಗೆಮನೆಯ ನಲ್ಲಿ ಜೋರಾಯಿತು. ಇಂಥ ಹೊತ್ತಿನಲ್ಲಿ ನಲ್ಲಿ ತಿರುಗಿಸುವ ಬುದ್ಧಿ ನನ್ನ ಗಂಡನಿಗೆ ಮೊದಲಿನಿಂದಲೂ ಇದೆ.

"ಯಾರು ಹೇಳಿದ್ದು?" ಎಂದರು ಅತ್ತೆ.

"ನಿಮ್ಮ ಫೋಟೋದಲ್ಲಿ ಈ ಮೇಜಿದೆ."

ಅವರು ಸುಟ್ಟ ಕಲೆಯ ಮೇಲೆ ಕೈ ಇಟ್ಟು ನೋಡಿದರು. "ಮೇಜುಬಟ್ಟೆ ಹಾಸಬೇಕಿತ್ತು."

"ಮೂರು ವರ್ಷದಿಂದ ಬರೀತಿದ್ದೀರಿ. ನನಗೆ ಒಂದು ಮಾತು ಹೇಳಿಲ್ಲ."

"ನೀನು ಕೇಳಿಲ್ಲ. ಸದಾ ಫೋನ್ ನೋಡ್ತೀರಿ, ಕಣ್ಣು ಹಾಳಾಗುತ್ತೆ ಅಂತ ಬೈದೆ, ಅಷ್ಟೇ. ಏನು ನೋಡ್ತೀರಿ ಅಂತ ಒಂದು ದಿನ ಕೇಳಿದ್ರೆ ಹೇಳ್ತಿದ್ದೆ."

ಅದು ನಿಜ. ಹಾಗಾಗಿ ನಾನು ಮಾತು ಬದಲಿಸಿದೆ. "ನಾನು ಆಫೀಸಲ್ಲಿ ಹಾಗೆ ಹೇಳಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಬೈಂಡರು ಬಸ್ ಸ್ಟಾಪಲ್ಲಿ ಸಿಕ್ಕಿದ್ರು. ನಿಮ್ಮ ಸೊಸೆ ಕೈ ಬಂಗಾರ ಕಣಮ್ಮ ಅಂದ್ರು. ಹೌದಪ್ಪ, ಅವಳು ಚಿಕ್ಕಂದಿನಿಂದಲೂ ಹಾಗೇ ಅಂದೆ."

"ನೀವು ನನ್ನನ್ನ ಚಿಕ್ಕಂದಿನಲ್ಲಿ ನೋಡೇ ಇಲ್ವಲ್ಲ."

"ನಿನಗೊಬ್ಬಳಿಗೇನಾ ಸುಳ್ಳು ಹೇಳೋಕೆ ಬರೋದು?" ಎಂದು ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಮನೆಗೆ ಬರೋ ಹೊತ್ತಿಗೆ ಸಿಟ್ಟೂ ಬಂದಿತ್ತು, ನಗೂ ಬಂದಿತ್ತು. ಹೇಳೋಕೆ ಯಾರೂ ಇರಲಿಲ್ಲ. ಬರೆದು ಹಾಕಿದೆ."

"ಆ ಟೀಚರು ಮೂರು ಸಲ ನಿಮ್ಮ ಹೆಸರು ಕೇಳಿದ್ದಾರೆ. ಯಾಕೆ ಕೊಡಲಿಲ್ಲ?"

ಅವರು ನನ್ನನ್ನೇ ನೋಡಿದರು. "ನನ್ನ ಹೆಸರು ಬಿದ್ರೆ ಸೊಸೆ ಯಾರು ಅಂತ ಗೊತ್ತಾಗಲ್ವೇನೇ? ಎಲ್ಲರ ತಪ್ಪು ಹಿಡಿಯೋ ಕುರ್ಚೀಲಿ ಕೂತವಳು ನೀನು. ಅಲ್ಲಿ ನಿನ್ನ ಮುಖ ಉಳೀಬೇಕಲ್ಲ."

ನನಗೆ ನಾಚಿಕೆಯಾಯಿತು, ಬರೀ ನಾಚಿಕೆ. ಅವರೇ ಮುಂದುವರಿಸಿದರು. "ಬೇಕಿದ್ರೆ ಆ ಪುಟ ಅಳಿಸಿಬಿಡ್ತೀನಿ. ಒಂದು ಗುಂಡಿ ಒತ್ತಿದ್ರೆ ಆಯ್ತು."

"ಅಳಿಸಿದ್ರೆ ಅವರ ಆಕರಾನೇ ಇರಲ್ಲ."

"ಅವರ ಡಿಗ್ರಿ?"

"ಅದೂ ಇರಲ್ಲ."

"ಹಾಗಾದ್ರೆ ಯಾರದು ಉಳಿಸಲಿ? ನೀನೇ ಹೇಳು."

ಥಟ್ಟನೆ ಉತ್ತರ ಕೊಟ್ಟೆ ಎಂದು ಬರೆಯಬಹುದು, ಯಾರೂ ಲಿಂಕ್ ತೆರೆದು ನೋಡುವುದಿಲ್ಲ. ಆದರೆ ನಾನು ಒಣಗಿದ ಬಟ್ಟೆ ತರುವ ನೆಪದಲ್ಲಿ ಹಿತ್ತಿಲಿಗೆ ಹೋದೆ.

ಗುರುವಾರ ಮಧ್ಯಾಹ್ನ ಟೀಚರಮ್ಮನ ಫೋನ್ ಬಂತು. ಹೆಸರು ಸಿಕ್ಕಿರಲಿಲ್ಲ. ನಾಲ್ಕನೇ ಅಧ್ಯಾಯವನ್ನು ಕಿತ್ತು ಬೇರೆ ಇಟ್ಟಿದ್ದೇನೆ, ಉಳಿದದ್ದನ್ನಾದರೂ ತರಲೇ ಎಂದು ಕೇಳಿದರು. ಉಳಿದದ್ದು ಪಾಸಾಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ನಮ್ಮ ಶಾಲೇಲಿ ಒಬ್ರು ಒಂದು ಉಪಾಯ ಹೇಳಿದ್ರು ಮೇಡಂ," ಎಂದರು. "ಆ ಹೊಲಿಗೆ ನಾನೇ ಕಂಡುಹಿಡಿದೆ ಅಂತ ಬರೆದುಬಿಟ್ರೆ ಆಕರಾನೇ ಬೇಡ್ವಂತೆ. ಯಾರಿಗೂ ಗೊತ್ತಾಗಲ್ಲ. ನಿನ್ನೆ ಕೂತು ಬರೆಯೋಕೆ ನೋಡಿದೆ. ಕೈ ಬರಲಿಲ್ಲ."

ನನ್ನ ಸುಳ್ಳಿಗೆ ಕೈಯೂ ಬೇಕಾಗಿರಲಿಲ್ಲ, ಬಾಯಿಯೇ ಸಾಕಾಗಿತ್ತು. ಮೂರು ವರ್ಷ, ಆರು ಬಟ್ಟೆ. "ನಾಳೆ ಎರಡು ಗಂಟೆಗೆ ಬನ್ನಿ," ಎಂದೆ. "ಕಿತ್ತ ಅಧ್ಯಾಯಾನೂ ತನ್ನಿ."

ಶುಕ್ರವಾರ ಊಟ ಮುಗಿಯುತ್ತಲೇ ಅತ್ತೆಗೆ ಹೇಳಿದೆ. "ಸೀರೆ ಬದಲಾಯಿಸಿ. ಆಫೀಸಿಗೆ ಹೋಗೋಣ."

"ಯಾಕೆ?"

"ಒಂದು ಸಹಿ ಬೇಕು."

ಅವರು ಪೆಟ್ಟಿಗೆಯ ತಳದಲ್ಲಿದ್ದ ರೇಷ್ಮೆ ಸೀರೆ ಉಟ್ಟು ಬಂದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತನಗೇ ಬೇಕೆಂದರು.

ನಾವು ಮೆಟ್ಟಿಲಿಳಿದಾಗ ಟೀಚರಮ್ಮ ಆಗಲೇ ಬಂದು ಕೂತಿದ್ದರು. ತೊಡೆಯ ಮೇಲೆ ಅಧ್ಯಾಯದ ಕಾಗದಗಳು. ಬೈಂಡರ್ ಅಣ್ಣ ಎದ್ದು, "ಓ, ಅಮ್ಮಾವರು," ಎಂದು ಸ್ಟೂಲು ಕೊಟ್ಟರು. ನಾನು ನಿಂತೇ ಇದ್ದೆ. ಕೂತರೆ ಮಾತು ಹೊರಡುವುದಿಲ್ಲವೆಂದು ಗೊತ್ತಿತ್ತು.

"ಟೀಚರಮ್ಮ, ನಿಮ್ಮ ಸೂಜಿಮೊನೆ ಇವರೇ. ನಮ್ಮ ಅತ್ತೆ. ಅಣ್ಣ, ಈ ಮೊಣಕೈ ಹೊಲಿದಿದ್ದೂ ಇವರೇ. ನಿಮ್ಮ ಸ್ವೆಟರೂ ಇವರೇ. ಗುಮಾಸ್ತರ ಶಾಲೂ. ನಾನು ಮಾಡಿದ್ದು ಬರೀ ತಂದುಕೊಟ್ಟಿದ್ದು."

ಬೈಂಡರ್ ಅಣ್ಣ ತಮ್ಮ ಸ್ವೆಟರ್ ಮುಟ್ಟಿ ನೋಡಿಕೊಂಡರು. "ಅಂದ್ರೆ ನೀವು ಏನೂ ಹೊಲಿದಿಲ್ವಾ?"

"ಒಂದು ಗುಂಡೀನೂ ಇಲ್ಲ."

ಅವರು ಸೂಜಿಯನ್ನು ಕೆಳಗಿಟ್ಟು ನಕ್ಕರು. ನಿಲ್ಲಿಸಿ, ನನ್ನ ಮುಖ ನೋಡಿ, ಮತ್ತೆ ನಕ್ಕರು. ಟೀಚರಮ್ಮನಿಗೆ ನಗು ಬರಲಿಲ್ಲ. ಅವರು ಅತ್ತೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಏನೋ ನೆನಪಾಗಿ ಅವರ ಮುಖ ಕೆಂಪಾಯಿತು. ಮೆಲ್ಲಗೆ ನೂರಮೂವತ್ತೊಂದನೆಯ ಪುಟ ತೆಗೆದು, ನನ್ನನ್ನು ನೋಡಿ, ಮತ್ತೆ ಪುಟವನ್ನು ನೋಡಿದರು.

"ಮೇಡಂ, ನನಗೆ ಗೊತ್ತಿರಲಿಲ್ಲ. ಸೊಸೆ ವಿಷಯ ಇರೋ ನಾಲ್ಕು ಸಾಲು ತೆಗೆದುಬಿಡ್ತೀನಿ. ಹೊಲಿಗೆಗೂ ಅದಕ್ಕೂ ಸಂಬಂಧ ಇಲ್ಲ."

ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಅತ್ತೆ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಅವರು ಬರೆದಿದ್ದರಲ್ಲಿ ಒಂದಕ್ಷರ ಮುಟ್ಟಿದ್ರೂ ನಾನು ವಾಪಸ್ ಕಳಿಸ್ತೀನಿ," ಎಂದೆ.

ಒಪ್ಪಿಗೆ ಪತ್ರಕ್ಕೆ ಅತ್ತೆ ಸಹಿ ಹಾಕಿದರು. ನಲವತ್ತೊಂಬತ್ತನೇ ನಮೂದಿನಲ್ಲಿ ಸೂಜಿಮೊನೆಯ ಹಿಂದೆ ಅವರ ಪೂರ್ತಿ ಹೆಸರು ಬಂತು. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅವರ ಪೂರ್ತಿ ಹೆಸರನ್ನು ನಾನು ಬರೆದದ್ದು ಅದೇ ಮೊದಲು. ಬರೆದು, ಸೀಲು ಕೈಗೆತ್ತಿಕೊಂಡೆ. ಮೂರೂಕಾಲು ಆಗಿತ್ತು.

"ತಾಳು," ಎಂದರು ಅತ್ತೆ. ಕನ್ನಡಕ ಹಾಕಿಕೊಂಡು ನಮೂದನ್ನು ಬೆರಳಿಟ್ಟು ಓದುತ್ತಿದ್ದರು. "ಇದು ತಪ್ಪು."

ಆ ಮೇಜಿನ ಮುಂದೆ ಕೂತು ನನಗೆ ತಪ್ಪು ಎಂದು ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ.

"ಆ ಮೊಣಕೈ ಹೊಲಿಗೆ ನನ್ನದಲ್ಲ. ನನಗೆ ಕಲಿಸಿದ್ದು ನಿಮ್ಮ ಮಾವನ ಅಕ್ಕ. ಅವರ ಹೆಸರೆಲ್ಲಿ?"

"ಅವರು ಎಲ್ಲಾದರೂ ಬರೆದಿದ್ದಾರಾ?" ಎಂದು ಟೀಚರಮ್ಮ ಆತಂಕದಿಂದ ಗಡಿಯಾರ ನೋಡಿದರು.

"ಅವರಿಗೆ ಓದು ಬರಹ ಬರ್ತಿರಲಿಲ್ಲ. ಹೋಗಿ ಇಪ್ಪತ್ತು ವರ್ಷ ಆಯ್ತು."

"ಎಲ್ಲಿ ಹೇಳಿಕೊಟ್ಟಿದ್ದು?" ನಾನು ಪೆನ್ಸಿಲ್ ಹಿಡಿದೆ.

"ಹಿತ್ತಿಲ ಮೆಟ್ಟಿಲ ಮೇಲೆ."

"ದಿನಾಂಕ?"

"ನಾನು ಮದುವೆಯಾಗಿ ಬಂದ ವರ್ಷ. ಮಧ್ಯಾಹ್ನದ ಹೊತ್ತು. ಅವರು ಹೇಳಿದ್ದು ಇಷ್ಟೇ: ಎಳೆ ಎಳೀಬೇಡ, ಬಿಟ್ಟುಕೊಡು."

"ಅವರಿಗೆ ಯಾರು ಕಲಿಸಿದ್ದು?"

"ನಾನು ಕೇಳಲಿಲ್ಲ," ಎಂದರು ಅತ್ತೆ. ಅಷ್ಟು ಹೊತ್ತು ತುಂಟತನದಲ್ಲಿದ್ದ ದನಿ ಅಲ್ಲಿ ಸಣ್ಣದಾಯಿತು. "ಆಗ ಕೇಳಬೇಕು ಅಂತ ಅನ್ನಿಸಲೇ ಇಲ್ಲ."

ಬರೆದ ದಿನವಿಲ್ಲ, ಶೀರ್ಷಿಕೆಯಿಲ್ಲ, ಲಿಂಕಿಲ್ಲ, ನೋಡಿದ ತಾರೀಕಿಲ್ಲ. ಐದರಲ್ಲಿ ನಾಲ್ಕು ಕಾಣೆ. ಮಾತಿನಲ್ಲಿ ತಿಳಿದದ್ದು ಎಂದು ಒಂದು ಅಡಿಟಿಪ್ಪಣಿ ಹಾಕಬಹುದು ಎಂದು ಹೇಳಿ, ಹೇಗೆ ಬರೆಯಬೇಕೆಂದು ನಾನೇ ತೋರಿಸಿದೆ. ಟೀಚರಮ್ಮ ಆ ಅಕ್ಕನ ಹೆಸರು, ಹಿತ್ತಿಲ ಮೆಟ್ಟಿಲು, ಮಧ್ಯಾಹ್ನ, ಎಲ್ಲವನ್ನೂ ಮೇಲಿನ ಮಹಡಿಯಲ್ಲಿ ಟೈಪು ಮಾಡಿ ಹೊಸ ಪುಟ ಹಿಡಿದುಕೊಂಡು ಓಡಿ ಬಂದರು. ನಾಲ್ಕಕ್ಕೆ ಆರು ನಿಮಿಷ ಇರುವಾಗ ನಾನು ಸೀಲು ಒತ್ತಿದೆ.

ಈಗ ಮೆಟ್ಟಿಲ ಮೇಲೆ ನನ್ನನ್ನು ಮೊಣಕೈ ಮೇಡಂ ಎನ್ನುತ್ತಾರೆ. ಆ ಪ್ರಬಂಧದಷ್ಟು ಕೈ ಬದಲಾಯಿಸಿದ ಪ್ರಬಂಧ ನಮ್ಮ ಲೈಬ್ರರಿಯಲ್ಲಿ ಇನ್ನೊಂದಿಲ್ಲ. ಎಲ್ಲರೂ ನೇರವಾಗಿ ನೂರಮೂವತ್ತೊಂದಕ್ಕೇ ಹೋಗುತ್ತಾರೆ, ಪುಟದ ಮೂಲೆ ಮಾಸಿದೆ. ರಿಪೇರಿಗೆ ಬರುವ ಬಟ್ಟೆಗಳಿಗೆ ಬೈಂಡರ್ ಅಣ್ಣ ಒಂದು ಚೀಟಿ ಸಿಕ್ಕಿಸಿ, ಅದರ ಮೇಲೆ ಅತ್ತೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ.

ಕಳೆದ ಭಾನುವಾರ ಅತ್ತೆ ನನ್ನನ್ನು ಆ ಸುಟ್ಟ ಕಲೆಯ ಮುಂದೆ ಕೂರಿಸಿ, ಗಂಡನ ಕಾಲುಚೀಲ ಕೈಗೆ ಕೊಟ್ಟರು. ದಾರ ಪೋಣಿಸಲು ಹದಿನೈದು ನಿಮಿಷ ಹಿಡಿಯಿತು, ಎರಡು ಸಲ ಕೆಮ್ಮಿದೆ. ಎಳೆ ಎಳೀಬೇಡ, ಬಿಟ್ಟುಕೊಡು ಎಂದು ಅವರು ಹೇಳುತ್ತಲೇ ಇದ್ದರು, ನಾನು ಎಳೆಯುತ್ತಲೇ ಇದ್ದೆ. ಮುಗಿದಾಗ ಕಾಲುಚೀಲದ ಹಿಮ್ಮಡಿ ಒಂದು ಗಂಟಾಗಿ ಕೂತಿತ್ತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಯಾರು ಕಲಿಸಿದ್ದು ಅಂತ ಯಾರಾದ್ರೂ ಕೇಳಿದ್ರೆ," ಎಂದರು, "ನನ್ನ ಹೆಸರು ಹೇಳಬೇಡ."